ಸಾವಿರ ಮನೆಯಲ್ಲಿ ಐದು ಕೋಶ

ಕೇಳುಗರಿಗೆ ನಮಸ್ಕಾರ.

ಒಂದು ಮಿಲಿಲೀಟರ್ ನೀರು ಅಂದರೆ ಎಷ್ಟು? ಸುಮಾರು ಇಪ್ಪತ್ತು ಹನಿ. ಸರಿಯಾಗಿ ಅಷ್ಟೇ ನೀರು ಹಿಡಿಸುವ ಒಂದು ಗಾಜಿನ ಪಟ್ಟಿ ಇದೆ. ಅದರ ಮೇಲೆ ಚದುರಂಗದ ಹಲಗೆಯ ಹಾಗೆ ಗೆರೆ ಕೊರೆದು ಸಾವಿರ ಮನೆ ಮಾಡಿರುತ್ತಾರೆ. ಸಮುದ್ರದ ನೀರನ್ನು ಅದಕ್ಕೆ ತುಂಬಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಮನೆ ದಾಟುತ್ತಾ, ಯಾವ ಪಾಚಿ ಎಷ್ಟಿದೆ ಅಂತ ಎಣಿಸಬೇಕು. ಕತ್ತು ನೋಯಿಸುವ ಕೆಲಸ. ಕಡಲಿನ ವಿಷಪಾಚಿಯ ಮೇಲೆ ಕಣ್ಣಿಡುವುದು ಅಂದರೆ ಬಹುಪಾಲು ಇದೇ.

ಎಣಿಸುವ ಮೊದಲು ಬಾಟಲಿಗೆ ಒಂದಿಷ್ಟು ಅಯೋಡಿನ್ ದ್ರಾವಣ ಹಾಕುತ್ತಾರೆ. ಇಲ್ಲದಿದ್ದರೆ ಈಜುವ ಈ ಒಂದೇ ಕೋಶದ ಪಾಚಿಗಳು ಒಂದು ಕಡೆ ನಿಲ್ಲುವುದಿಲ್ಲ, ಎಣಿಸಿದ್ದನ್ನೇ ಮತ್ತೆ ಎಣಿಸುತ್ತಾ ಕೂರಬೇಕು. ಅಯೋಡಿನ್ ಬಿದ್ದರೆ ಅವು ಸತ್ತು, ಕಂದು ಬಣ್ಣ ಹಿಡಿದು, ತಳ ಸೇರುತ್ತವೆ.

ಈಗ ಲೆಕ್ಕ ನೋಡಿ. ಅಮೆರಿಕದ ಫ್ಲೋರಿಡಾದಲ್ಲಿ ಕರೇನಿಯಾ ಬ್ರೆವಿಸ್ ಎಂಬ ಪಾಚಿಯ ಕಾಟ. ಒಂದು ಲೀಟರ್ ನೀರಿನಲ್ಲಿ ಅದರ ಕೋಶಗಳು 5000 ದಾಟಿದರೆ ಅಲ್ಲಿ ತಿನ್ನುವ ಚಿಪ್ಪುಜೀವಿಗಳನ್ನು ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಐದು ಸಾವಿರ ದೊಡ್ಡ ಸಂಖ್ಯೆ ಅನ್ನಿಸುತ್ತೆ, ಅಲ್ವಾ? ನಮ್ಮ ಗಾಜಿನ ಪಟ್ಟಿಯ ಮೇಲೆ ಅದು ಬರೀ ಐದು. ಸಾವಿರ ಮನೆ ಹುಡುಕಿದರೆ ಐದೇ ಐದು. ಅಷ್ಟಿರುವಾಗ ಕಡಲಿನ ಬಣ್ಣ ಒಂಚೂರೂ ಬದಲಾಗಿರುವುದಿಲ್ಲ.

ಡೈನೋಫೈಸಿಸ್ ಅಂತ ಇನ್ನೊಂದಿದೆ. ಲೀಟರಿಗೆ ಕೆಲವೇ ನೂರು ಇದ್ದರೂ, ಅದನ್ನು ತಿಂದ ಚಿಪ್ಪನ್ನು ನಾವು ತಿಂದರೆ ವಾಂತಿಭೇದಿ. ಅದು ಇಪ್ಪತ್ತು ಹನಿಯಲ್ಲಿ ಒಂದೂ ಸಿಗದೆ ಹೋಗಬಹುದು. ಅದಕ್ಕೇ ಜಾಸ್ತಿ ನೀರನ್ನು ಉದ್ದನೆಯ ಕೊಳವೆಯಲ್ಲಿ ಇಡೀ ದಿನ ಅಲುಗಾಡಿಸದೆ ಇಟ್ಟು, ತಳದಲ್ಲಿ ಕೂತದ್ದನ್ನು ಅಡಿಯಿಂದ ನೋಡಿ ಎಣಿಸುತ್ತಾರೆ.

ಹಾಗಾಗಿ ಇಂಥ ಪಾಚಿ ಹೆಚ್ಚುವುದಕ್ಕೆ ಇಟ್ಟಿರುವ ‘ಕೆಂಪು ಉಬ್ಬರ’ ಅನ್ನುವ ಹೆಸರು ನನಗೆ ಅಷ್ಟು ಹಿಡಿಸುವುದಿಲ್ಲ. ಉಬ್ಬರಕ್ಕೂ ಇದಕ್ಕೂ ಸಂಬಂಧವಿಲ್ಲ. ನೀರು ಕೆಂಪಾಗಲೇಬೇಕು ಅಂತಲೂ ಇಲ್ಲ.

ಉಪಗ್ರಹ ಇದೆಯಲ್ಲ ಅನ್ನಬಹುದು. ಇದೆ. ಕಡಲಿನ ಬಣ್ಣವನ್ನು ಬಹಳ ನುಣ್ಣಗೆ ಬಿಡಿಸಿ ನೋಡುವ ಪೇಸ್ ಎಂಬ ಉಪಗ್ರಹವನ್ನು ನಾಸಾ 2024ರಲ್ಲಿ ಹಾರಿಸಿತು. ದೊಡ್ಡ ಹರವು ಎಲ್ಲಿದೆ, ಯಾವ ಕಡೆ ತೇಲುತ್ತಿದೆ ಅಂತ ತಿಳಿಯಲು ಇಂಥವು ಬೇಕೇ ಬೇಕು. ಆದರೆ ಮೋಡ ಮುಚ್ಚಿದರೆ ಏನೂ ಕಾಣುವುದಿಲ್ಲ. ಮೇಲ್ಪದರದ ಕೆಳಗೆ ತೆಳ್ಳಗೆ ಹರಡಿಕೊಂಡದ್ದೂ ಕಾಣುವುದಿಲ್ಲ.

ನೀರಿನಲ್ಲಿ ಪಾಚಿ ಎಣಿಸಿದರೂ ಸಾಲದು ಅಂತ ಕಲಿಸಿದ್ದು 1987. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಪಚ್ಚಿಲೆ ಎಂಬ ಚಿಪ್ಪುಜೀವಿ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಉಳಿದವರಲ್ಲಿ ಕೆಲವರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದ ಹಾಗಾಯಿತು. ವಿಷದ ಹೆಸರು ಡೊಮೋಯಿಕ್ ಆಮ್ಲ. ಅದನ್ನು ಮಾಡಿದ್ದು ಡಯಾಟಮ್ ಜಾತಿಯ ಪಾಚಿ. ಡಯಾಟಮ್‌ಗಳು ಪಾಪದವು, ವಿಷ ಮಾಡಲ್ಲ ಅಂತಲೇ ಅದುವರೆಗೆ ತಿಳಿದಿದ್ದರು. ಈಗ ಚಿಪ್ಪಿನ ಮಾಂಸವನ್ನೇ ಅರೆದು ಪರೀಕ್ಷೆ ಮಾಡುತ್ತಾರೆ. ಒಂದು ಕಿಲೋದಲ್ಲಿ 20 ಮಿಲಿಗ್ರಾಂ ದಾಟಿದರೆ ಮಾರುವಂತಿಲ್ಲ. ಚೆನ್ನಾಗಿ ಬೇಯಿಸಿದರೆ ಹೋಗುತ್ತೆ ಅನ್ನಬೇಡಿ, ಹೋಗುವುದಿಲ್ಲ. ರುಚಿಯಲ್ಲೂ ವಾಸನೆಯಲ್ಲೂ ಸುಳಿವು ಸಿಗುವುದಿಲ್ಲ.

ಪಾಚಿ ಹೋದ ಮೇಲೆ ಪಚ್ಚಿಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ವಿಷ ಬಿಟ್ಟುಕೊಡುತ್ತದೆ. ಎಲ್ಲ ಚಿಪ್ಪುಗಳೂ ಹಾಗಲ್ಲ. ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ಬಟರ್ ಕ್ಲ್ಯಾಮ್ ಅಂತ ಒಂದಿದೆ. ಸ್ಯಾಕ್ಸಿಟಾಕ್ಸಿನ್ ಎಂಬ ವಿಷವನ್ನು ಅದು ಎರಡು ವರ್ಷದವರೆಗೂ ಒಳಗೇ ಇಟ್ಟುಕೊಳ್ಳಬಲ್ಲದು. ಅಷ್ಟು ಹೊತ್ತಿಗೆ ಪಾಚಿ ಬಂದಿದ್ದೇ ಜನರಿಗೆ ಮರೆತಿರುತ್ತೆ. ನೀರು ತಿಳಿಯಾಗಿದೆ, ಬಿಸಿಲು ಚೆನ್ನಾಗಿದೆ, ಇಳಿತದಲ್ಲಿ ಮರಳು ಬಗೆದರೆ ಚಿಪ್ಪು ಕೈಗೆ ಬರುತ್ತೆ. ಪಕ್ಕದಲ್ಲೇ ‘ತೆಗೆಯಬೇಡಿ’ ಅನ್ನುವ ಬೋರ್ಡು ಇನ್ನೂ ನಿಂತಿರುತ್ತೆ.

ನಮಸ್ಕಾರ.