ತೀರ್ಪು ಮೊದಲು, ವಿಚಾರಣೆ ಆಮೇಲೆ

ಎಲ್ಲರಿಗೂ ನಮಸ್ಕಾರ. ಮಾತಿಗೆ ನಲವತ್ತು ನಿಮಿಷ ಅಂದಿದ್ದರು. ಸನ್ಮಾನಕ್ಕೇ ಅರ್ಧ ಹೋಯಿತು. ಹೋಗಲಿ, ಶಾಲು ಚೆನ್ನಾಗಿದೆ.

ಮನುಷ್ಯ ಯೋಚಿಸಿ ಸರಿ–ತಪ್ಪು ತೀರ್ಮಾನಿಸುತ್ತಾನೆ ಅಂತ ಬಿ.ಎಡ್.ನಲ್ಲಿ ಓದಿದವರು ನಾವು. ಈ ಯೋಚನೆ ಮಕ್ಕಳಲ್ಲಿ ಹಂತಹಂತವಾಗಿ ಬೆಳೆಯುತ್ತದೆ ಅಂದ ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್‌ನ ಆರು ಹಂತಗಳು ನಿಮಗೆಲ್ಲ ಬಾಯಿಪಾಠ. ನನಗೆ ಮಾತ್ರ ಅದರಲ್ಲಿ ನಂಬಿಕೆ ಉಳಿದಿಲ್ಲ. ನಮ್ಮೊಳಗಿನ ನ್ಯಾಯಾಲಯದಲ್ಲಿ ತೀರ್ಪು ಮೊದಲು, ವಿಚಾರಣೆ ಆಮೇಲೆ.

ಶಿಕಾಗೊದ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್ ಮತ್ತು ಸಂಗಡಿಗರು 39 ಸಣ್ಣ ಪ್ರಸಂಗಗಳ ಪಟ್ಟಿ ಮಾಡಿ ಭುವನೇಶ್ವರದಲ್ಲೂ ತಮ್ಮೂರಲ್ಲೂ ಜನರನ್ನು ಕೇಳಿದರು. 1987ರಲ್ಲಿ ಅದು ಪ್ರಕಟವಾಯಿತು. ಭುವನೇಶ್ವರದ ಬ್ರಾಹ್ಮಣ ಮಕ್ಕಳ ಕಣ್ಣಿಗೆ ಎಲ್ಲಕ್ಕಿಂತ ಘೋರ ಅಪರಾಧ ಯಾವುದು ಗೊತ್ತಾ? ಅಪ್ಪ ತೀರಿಕೊಂಡ ಮರುದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದದ್ದು! ಅಮೆರಿಕದ ಮಕ್ಕಳಿಗೆ ಇದರಲ್ಲಿ ತಪ್ಪೇನು ಅಂತಲೇ ತಿಳಿಯಲಿಲ್ಲ. ನೀವು ನಗ್ತಿದ್ದೀರಿ, ಆದರೆ ಸೂತಕದಲ್ಲಿ ಕೋಳಿ ಅಂದ ತಕ್ಷಣ ಮುಂದಿನ ಸಾಲಿನಲ್ಲಿ ಇಬ್ಬರು ಮುಖ ಸಿಂಡರಿಸಿದ್ದನ್ನು ನಾನು ನೋಡಿದೆ. ಯಾರಿಗೆ ಏನು ಹಾನಿಯಾಯ್ತು ಅಂತ ಲೆಕ್ಕ ಹಾಕಿ ಸಿಂಡರಿಸಿದಿರಾ? ಇಲ್ಲ. ಅದೇ ನಾನು ಹೇಳೋದು.

ಇನ್ನರ್ಧ ಕಥೆಯನ್ನೂ ಹೇಳಿಬಿಡಬೇಕು. ಹೇಳದೆ ಸಿನಿಮಾಕ್ಕೆ ಹೋದ ಹೆಂಡತಿಗೆ ಗಂಡ ಹೊಡೆದದ್ದು ಭುವನೇಶ್ವರದಲ್ಲಿ ಬಹುಮಂದಿಗೆ ತಪ್ಪೆನಿಸಲಿಲ್ಲ. ನಮ್ಮ ಸಂಸ್ಕೃತಿ ಅಂತ ಎದೆಯುಬ್ಬಿಸುವ ಮುಂಚೆ ಇದೂ ನೆನಪಿರಲಿ.

ಮುಂದೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್, ಬ್ರೆಜಿಲ್‌ನ ಎರಡು ಊರುಗಳಲ್ಲೂ ಫಿಲಡೆಲ್ಫಿಯಾದಲ್ಲೂ ಕಥೆಗಳನ್ನು ಹೇಳಿ ಕೇಳಿದರು. ಹೆಂಗಸೊಬ್ಬಳು ಹಳೆಯ ರಾಷ್ಟ್ರಧ್ವಜ ಹರಿದು ಶೌಚಾಲಯ ಒರೆಸುತ್ತಾಳೆ, ಯಾರೂ ನೋಡಿಲ್ಲ. ತಪ್ಪೇ? ತಪ್ಪು ಅಂದವರಲ್ಲಿ ಒಬ್ಬರು ಕೊಟ್ಟ ಕಾರಣ: ಬಟ್ಟೆ ಸಿಕ್ಕಿಕೊಂಡು ಕಮೋಡು ಕಟ್ಟಿಕೊಳ್ಳಬಹುದು! ದೇಶಭಕ್ತಿ ಬಂದು ಪ್ಲಂಬಿಂಗ್‌ನಲ್ಲಿ ನಿಂತಿತು. ಒಂದು ಕಾರಣ ಕಿತ್ತುಹಾಕಿದರೆ ಇನ್ನೊಂದು ಹುಡುಕುತ್ತಾರೆ. ಅದೂ ಬಿದ್ದರೆ ‘ಹೇಗೆ ಹೇಳಲಿ, ಆದರೂ ತಪ್ಪೇ’ ಅಂತಾರೆ. ತೀರ್ಪು ಮೊದಲೇ ಬರೆದಾಗಿದೆ, ಇದೆಲ್ಲ ಆಮೇಲಿನ ವಿಚಾರಣೆ. ಇನ್ನೊಂದು ಸ್ವಾರಸ್ಯ: ಉತ್ತರಗಳಲ್ಲಿ ದೇಶ ದೇಶಗಳ ಅಂತರಕ್ಕಿಂತ ಬಡವ–ಬಲ್ಲಿದರ ಅಂತರವೇ ಹೆಚ್ಚಿತ್ತು.

ಸಮಯ ಮುಗೀತಾ ಬಂತು ಅಂತ ಚೀಟಿ ಬಂತು.

ಹಾಗಾದರೆ ಯೋಚನೆ ದಂಡವೇ ಅಂತ ನೀವು ಕೇಳಬಹುದು. ಒಬ್ಬರೇ ಕೂತು ಯೋಚಿಸಿ ತಮ್ಮ ತೀರ್ಪು ಬದಲಿಸಿಕೊಳ್ಳೋದು ಅಪರೂಪ ಅಂತ ಹೈಟ್ 2001ರ ಪ್ರಬಂಧದಲ್ಲಿ ವಾದಿಸಿದರು. ಬದಲಾದರೆ ಹೆಚ್ಚಾಗಿ ಇನ್ನೊಬ್ಬರ ಮಾತಿನಿಂದ. ನನ್ನ ಕೇಳಿದರೆ, ಆ ಇನ್ನೊಬ್ಬರು ಬೇಕಾದವರೂ ಆಗಿರಬೇಕು. ಹುಡುಗನನ್ನು ತರಗತಿಯಿಂದ ಆಚೆ ನಿಲ್ಲಿಸಿ ಆಮೇಲೆ ‘ಯಾಕೋ ಮಾಡಿದೆ’ ಅಂತ ಕೇಳ್ತೀವಲ್ಲ, ಆಗ ಪಕ್ಕದ ತರಗತಿಯ ಮೇಡಂ ‘ಸರ್, ಅವನಲ್ಲ ಮಾಡಿದ್ದು’ ಅಂದರೆ ನಾವು ಕೇಳ್ತೀವಿ. ಅದನ್ನೇ ಆ ಹುಡುಗ ಹೇಳಿದರೆ ಕೇಳಲ್ಲ.

ಮೂರನೇ ಸಾಲಿನಲ್ಲಿ ಯಾರೋ ಆಗಲಿಂದ ಕೈ ಎತ್ತಿದ್ದಾರೆ, ಮೈಕ್ ಅವರಿಗೆ ಕೊಡಿ.