ಹೆಂಗಸು ಮಾಯವಾದ ಚಿತ್ರ

ಎಲ್ಲರಿಗೂ ನಮಸ್ಕಾರ. ಚಿತ್ರಕಲೆಯ ಮೂಲ ಅಂಶಗಳ ಬಗ್ಗೆ ಒಂದಿಷ್ಟು ಮಾತಾಡಿ ಅಂತ ಧಾರವಾಡದ ಗೆಳೆಯರು ಕರೆದಾಗ ಹ್ಞೂಂ ಅಂದುಬಿಟ್ಟೆ. ಆಮೇಲೆ ಚಿಂತೆ ಶುರುವಾಯಿತು. ಯಾಕಂದ್ರೆ ಪಟ್ಟಿ ನಿಮಗೆ ಗೊತ್ತಿರೋದೇ: ರೇಖೆ, ಆಕಾರ, ಘನರೂಪ, ಅವಕಾಶ, ಛಾಯೆ, ಬಣ್ಣ, ಮೈವಳಿಕೆ. ಅದನ್ನೇ ಮತ್ತೆ ಓದಿ ಹೇಳಿದರೆ ಹಿಂದಿನ ಸಾಲಿನವರು ಚಹಾಕ್ಕೆ ಎದ್ದು ಹೋಗುತ್ತಾರೆ. ಹಾಗಾಗಿ ನಾನು ಕೆಡಿಸಿದ ಒಂದು ಚಿತ್ರದಿಂದ ಶುರು ಮಾಡುತ್ತೇನೆ.

ಬ್ಯಾಡಗಿ ಮೆಣಸಿನಕಾಯಿಯ ಚಿತ್ರ ಅದು. ರಾಶಿ ರಾಶಿ ಕೆಂಪು, ನಡುವೆ ಹಸಿರು ಸೀರೆ ಉಟ್ಟು ತೊಟ್ಟು ಬಿಡಿಸುತ್ತ ಕೂತ ಹೆಂಗಸು. ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಜೋರಾಗಿ ಕಾಣುತ್ತವೆ ಅಂತ ಓದಿದ್ದೆ, ಇಟ್ಟೆ. ಮನೆಯಲ್ಲಿ ಎಲ್ಲರೂ ಹೊಗಳಿದರು. ಆಮೇಲೆ ಕರಪತ್ರಕ್ಕೆ ಬೇಕು ಅಂತ ಕಪ್ಪು-ಬಿಳುಪಿನಲ್ಲಿ ಜೆರಾಕ್ಸ್ ಮಾಡಿಸಿದರೆ, ಹೆಂಗಸೇ ಇಲ್ಲ! ರಾಶಿಯೂ ಬೂದು, ಸೀರೆಯೂ ಬೂದು, ಒಂದು ಮುಖ, ಎರಡು ಕೈ ಮಾತ್ರ ತೇಲುತ್ತಿದ್ದವು. ಅಂಗಡಿಯವನು 'ಮಷಿನ್ನಿಂದು ತಪ್ಪಿಲ್ರಿ ಸರ' ಅಂದ. ಅವನು ಹೇಳಿದ್ದು ಸರಿ. ಕೆಂಪು ಬೇರೆ, ಹಸಿರು ಬೇರೆ, ಆದರೆ ಎಷ್ಟು ತಿಳಿ, ಎಷ್ಟು ಗಾಢ ಅನ್ನೋ ಲೆಕ್ಕದಲ್ಲಿ ನಾನು ಹಚ್ಚಿದ ಎರಡೂ ಒಂದೇ. ಆ ಲೆಕ್ಕಕ್ಕೇ ಛಾಯೆ ಅನ್ನೋದು. ನಾವು ಬಣ್ಣದ ಡಬ್ಬಿಗೆ ಮೊದಲು ಕೈ ಹಾಕುತ್ತೇವೆ, ಚಿತ್ರ ಮಾತ್ರ ಛಾಯೆಯ ಮೇಲೆ ನಿಂತಿರುತ್ತೆ. ನಂಬಿಕೆ ಇಲ್ಲದಿದ್ದರೆ ನಿಮ್ಮ ಚಿತ್ರದ ಫೋಟೋ ತೆಗೆದು, ಫೋನಿನಲ್ಲೇ ಬಣ್ಣ ಅಳಿಸಿ ನೋಡಿ.

ಬಣ್ಣದ ಹಂಗೇ ಇಲ್ಲದೆ ಛಾಯೆ ಏನು ಮಾಡಬಲ್ಲದು ಅಂತ ನೋಡಬೇಕಾ? ಗದಗಿನಿಂದ ಬಸ್ ಹಿಡಿದು ಲಕ್ಕುಂಡಿಗೆ ಹೋಗಿ. ಕಲ್ಯಾಣ ಚಾಲುಕ್ಯರ ಕಾಲದ ಕಾಶಿವಿಶ್ವೇಶ್ವರ ಗುಡಿ. ಕಲ್ಲು ಮೆತ್ತನೆಯದು, ಕಣ ಸಣ್ಣದು, ಅದಕ್ಕೇ ಕಂಬಗಳನ್ನ ತಿರುಗಣೆಯಲ್ಲಿ ತಿರುಗಿಸಿ ಬಳೆ ಬಳೆಯಾಗಿ ಕಡೆಯೋಕೆ ಆಯ್ತು. ಒಂದು ಕಂಬದ ಎದುರು ಹತ್ತು ನಿಮಿಷ ಸುಮ್ನೆ ನಿಲ್ಲಿ. ಪ್ರತಿ ಬಳೆಯ ಮೇಲೊಂದು ಬೆಳಕಿನ ಎಳೆ, ಅದರ ಕೆಳಗೆ ಕತ್ತಲಿನ ಎಳೆ. ಆ ಎರಡು ಎಳೆ ಇಲ್ಲದಿದ್ದರೆ ಕಂಬ ದುಂಡಗಿದೆ ಅಂತ ಕಣ್ಣಿಗೆ ಗೊತ್ತೇ ಆಗೋದಿಲ್ಲ. ಘನರೂಪ ಅಂದ್ರೆ ಇಷ್ಟೇ ರೀ. ಇನ್ನು ಡಂಬಳದ ದೊಡ್ಡಬಸಪ್ಪನ ಗುಡಿ. ಅದರ ಗರ್ಭಗುಡಿಯ ಸುತ್ತಳತೆ 24 ಮೂಲೆಯ ನಕ್ಷತ್ರದ ಹಾಗಿದೆ. ಗೋಡೆ ಹೆಜ್ಜೆಗೊಮ್ಮೆ ತಿರುಗುತ್ತೆ, ಒಂದು ಮುಖಕ್ಕೆ ಬಿಸಿಲು ಬಿದ್ದರೆ ಪಕ್ಕದ್ದಕ್ಕೆ ನೆರಳು. ಬೆಳಗ್ಗೆ ನೋಡಿದ ಗೋಡೆ ಸಂಜೆಗೆ ಇರೋದಿಲ್ಲ.

ರೇಖೆಗೆ ಅಷ್ಟು ದೂರ ಹೋಗೋದು ಬೇಡ, ಮನೆಯ ಟ್ರಂಕು ತೆಗೆದರೆ ಸಾಕು. ಕಸೂತಿಯ ಗವಂತಿ ಹೊಲಿಗೆ ನೋಡಿದ್ದೀರಲ್ಲ? ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿಲ್ಲ, ಎಳೆ ಎಣಿಸೋದು ಅಷ್ಟೇ. ಸೂಜಿ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು ಮುಂದೆ ಹೋಗುತ್ತೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಸಂದು ತುಂಬುತ್ತೆ. ಗಂಟಿಲ್ಲ, ಒಳಗೂ ಹೊರಗೂ ಒಂದೇ ಚಿತ್ರ. ನಮ್ಮ ಅತ್ತೆಯನ್ನ ಕೇಳಿದರೆ, 'ಎಳಿ ತಪ್ಪಲಿಲ್ಲ ಅಂದ್ರ ಗೆರಿ ತಪ್ಪಂಗಿಲ್ಲೋ' ಅನ್ನೋರು. ಈ ಹೊಲಿಗೆಗೆ ಮೂರೇ ದಾರಿ: ಉದ್ದ, ಅಡ್ಡ, ಓರೆ. ಬಾಗೋದು ಬರೋದೇ ಇಲ್ಲ. ಆದರೂ ನವಿಲಿನ ಕುತ್ತಿಗೆ ಬಾಗಿದ ಹಾಗೆ ಕಾಣುತ್ತೆ, ಅಲ್ವಾ? ಹತ್ತಿರ ಹೋದರೆ ಅಲ್ಲಿರೋದು ಬರೀ ಮೆಟ್ಟಿಲು. ಬಾಗಿಸಿದ್ದು ನಮ್ಮ ಕಣ್ಣು. ಅದೇ ನವಿಲು ಕರೀ ಚಂದ್ರಕಾಳಿ ಸೀರೆಯ ಮೇಲೆ ಬಿಳಿ ದಾರದಲ್ಲಿ ಬಂದರೆ ಮಾರು ದೂರದಿಂದ ಎದ್ದು ಕಾಣುತ್ತೆ, ಅಲ್ಲೂ ಕೆಲಸ ಮಾಡೋದು ಛಾಯೆಯೇ. ಸುತ್ತ ಬಿಟ್ಟ ಕರಿ ಜಾಗಕ್ಕೆ ಅವಕಾಶ ಅಂತಾರೆ. ಹೊಸಬರು ಅದನ್ನ ಖಾಲಿ ಅಂದುಕೊಂಡು ಏನಾದರೂ ತುಂಬೋಕೆ ಹೋಗುತ್ತಾರೆ, ನನಗೆ ಅದು ಒಂಚೂರೂ ಸೇರೋದಿಲ್ಲ.

ಮತ್ತೆ ಮೆಣಸಿನಕಾಯಿಗೆ ಬರೋಣ. ಬ್ಯಾಡಗಿ ಕಾಯಿಗೆ ಖಾರ ಕಮ್ಮಿ, ಬಣ್ಣ ಜಾಸ್ತಿ, ಮೈ ತುಂಬ ಸುಕ್ಕು. ಗುಂಟೂರು ಕಾಯಿ ನುಣುಪು, ಅದರ ಮೇಲೆ ಉದ್ದಕ್ಕೆ ಒಂದೇ ಹೊಳಪು ಎಳೆದರೆ ಮುಗೀತು. ಬ್ಯಾಡಗಿಯ ಪ್ರತಿ ಸುಕ್ಕಿಗೂ ಒಂದು ಕಡೆ ಬೆಳಕು, ಇನ್ನೊಂದು ಕಡೆ ನೆರಳು. ಮೈವಳಿಕೆ ಅನ್ನೋದು ಅದೇ. ನಾನು ಅವತ್ತು ಮಾಡಿದ ಹಾಗೆ ಒಂದೇ ಕೆಂಪು ಬಳಿದರೆ ಯಾವ ಊರಿನ ಕಾಯಿ ಅಂತಲೂ ಹೇಳೋಕಾಗಲ್ಲ.

ಈ ಚೀಲದಲ್ಲಿ ಎಲ್ಲರಿಗೂ ಒಂದೊಂದು ಬ್ಯಾಡಗಿ ಕಾಯಿ ತಂದಿದ್ದೇನೆ. ಹಾಳೆ, ಪೆನ್ಸಿಲ್ ತೆಗೀರಿ. ಕಿಟಕಿಯಿಂದ ಒಳ್ಳೆ ಬೆಳಕಿದೆ, ಯಾರಾದರೂ ಟ್ಯೂಬ್‌ಲೈಟ್ ಆರಿಸಿ. ಕೆಂಪು ಕ್ರೇಯಾನ್ ಹೊರಗೆ ತೆಗೆದವರು ಒಳಗಿಡಿ. ಮತ್ತೆ, ಆ ಕೈ ಕಣ್ಣಿಗೆ ಹಚ್ಚಿಕೊಳ್ಳಬೇಡಿ. ಖಾರ ಕಮ್ಮಿ ಅಂದೆ, ಇಲ್ಲ ಅನ್ನಲಿಲ್ಲ.