ಗೊಂಬೆಗೆ ಬಾಸಿಂಗ, ಮಕ್ಕಳಿಗೆ ಕೆಲಸ

ಕೇಳುಗರಿಗೆ ನಮಸ್ಕಾರ. ಅಂಗನವಾಡಿ ಟೀಚರ್‌ಗಳೇ, ಅಡುಗೆ ಮಾಡುತ್ತಾ ರೇಡಿಯೋ ಕೇಳುತ್ತಿರುವ ಅಮ್ಮಂದಿರೇ, ಅಜ್ಜಿಯರೇ, ಇವತ್ತು ಮದುವೆ ಆಟದ ಮಾತು.

ಮದುವೆ ಆಟ ಎಂದರೆ ನಾವು ಏನು ಮಾಡುತ್ತೇವೆ? ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕೂರಿಸಿ, ಪೇಟ ಸುತ್ತಿ, ಹಾರ ಹಾಕಿ ಫೋಟೋ ತೆಗೆಯುತ್ತೇವೆ. ಆ ಮಕ್ಕಳು ಏನು ಕಲಿತವು? ಸುಮ್ನೆ ಕೂರುವುದನ್ನು! ನಾನು ಹೇಳುವುದು ಇಷ್ಟೇ: ಗೊಂಬೆಗೆ ಬಾಸಿಂಗ ಕಟ್ಟಿ, ಮಕ್ಕಳಿಗೆ ಕೆಲಸ ಕೊಡಿ. ಚಪ್ಪರ ಹಾಕುವ ಕೆಲಸ, ಓಲಗದ ಕೆಲಸ, ಬಡಿಸುವ ಕೆಲಸ, ಮುಯ್ಯಿ ಬರೆಯುವ ಕೆಲಸ.

ಒಂದು ಅಂಗನವಾಡಿಯಲ್ಲಿ ನಾನೇ ಕಂಡದ್ದು ಕೇಳಿ. ಬಡಿಸುವವಳು ನಾಲ್ಕು ವರ್ಷದ ಹುಡುಗಿ. ಊಟದ ಎಲೆ ಎಂದರೆ ಹಲಸಿನ ಎಲೆ, ಅನ್ನ ಎಂದರೆ ಮರಳು, ಲಾಡು ಎಂದರೆ ಹುಣಸೆ ಬೀಜ. ಒಬ್ಬೊಬ್ಬರ ಮುಂದೆ ಒಂದೊಂದು ಎಲೆ ಹಾಕುತ್ತಾ ಬಂದಳು. ಏಳಕ್ಕೆ ಎಲೆ ಮುಗಿಯಿತು. ಕೂತವರು ಒಂಬತ್ತು ಜನ. ಟೀಚರ್ "ಪುಟ್ಟೀ, ಒಂಬತ್ತರಲ್ಲಿ ಏಳು ಹೋದರೆ..." ಎಂದು ಶುರು ಮಾಡಿದರು. ನಾನು ಕಣ್ಸನ್ನೆಯಲ್ಲೇ ತಡೆದೆ. ಅಷ್ಟು ಚೆನ್ನಾಗಿ ಆಟ ನಡೆಯುವಾಗ ಪರೀಕ್ಷೆ ಯಾಕ್ರೀ? ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಕೊನೆಯ ಇಬ್ಬರನ್ನು ಎಬ್ಬಿಸಿದಳು. "ನೀವು ಮನೆಯವ್ರು ತಾನೇ? ಎರಡನೇ ಪಂಕ್ತಿಗೆ ಕೂತ್ಕೊಳ್ಳಿ" ಅಂದಳು!

ಯಾರೂ ಹೇಳಿಕೊಟ್ಟದ್ದಲ್ಲ, ಮದುವೆಮನೆಯಲ್ಲಿ ನೋಡಿಟ್ಟುಕೊಂಡದ್ದು. ಒಬ್ಬರಿಗೆ ಒಂದು ಎಲೆ, ಲೆಕ್ಕ ಶುರುವಾಗುವುದೇ ಅಲ್ಲಿಂದ. ಅವಳನ್ನು ಮದುಮಗಳು ಮಾಡಿ ಕೂರಿಸಿದ್ದರೆ ಇದೆಲ್ಲ ಆಗುತ್ತಿತ್ತಾ?

ಅತ್ತ ಬಾಗಿಲಲ್ಲಿ ಮುಯ್ಯಿ ಬರೆಯುವ ಹುಡುಗ. ಅಕ್ಷರ ಬಾರದು, ಹಾವಿನ ಹಾಗೆ ಗೆರೆ ಎಳೆದಿದ್ದ. ಓದಪ್ಪಾ ಅಂದರೆ ಬೆರಳಿಟ್ಟು ಓದಿದ: "ಮಾವ, ನೂರಾ ಒಂದು ರೂಪಾಯಿ." ಬರೆದಿಟ್ಟರೆ ಆಮೇಲೆ ಓದಬಹುದು ಎನ್ನುವುದು ಅವನಿಗೆ ಗೊತ್ತಾಗಿದೆ. ಅಕ್ಷರ ನಿಧಾನಕ್ಕೆ ಬರಲಿ ಬಿಡಿ. ಆಟದಲ್ಲಿ ಮಗು ತನಗಿಂತ ಒಂದು ತಲೆ ಎತ್ತರ ಇರುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರಲ್ಲೇ ಹೇಳಿದ್ದರು. ನಾವಿನ್ನೂ ಫೋಟೋ ತೆಗೆಯುತ್ತಾ ಇದ್ದೇವೆ.

ಗೊಂಬೆಯೇ ಯಾಕೆ ಅಂದರೆ, ಪುಟ್ಟ ಹುಡುಗಿಯನ್ನು ಮದುಮಗಳು ಎಂದು ರೇಗಿಸುವ ಚಾಳಿ ನಮಗೆ ಬೇಡ. ಕಾನೂನಿನಲ್ಲಿ ಹೆಣ್ಣಿಗೆ 18, ಗಂಡಿಗೆ 21 ಆಗಲೇಬೇಕು. ಗೊಂಬೆಗಾದರೆ ವಯಸ್ಸು ಕೇಳುವವರಿಲ್ಲ, ಅಲ್ವಾ?

ಓಲಗದ ಬಗ್ಗೆ, ಸೋಬಾನೆ ಹಾಡಿನ ಬಗ್ಗೆ ಹೇಳಬೇಕಿತ್ತು. ಸ್ಟುಡಿಯೋ ಗಾಜಿನ ಆಚೆಯಿಂದ ಆಗಲೇ ಸಮಯ ಆಯ್ತು ಎಂದು ಕೈ ತೋರಿಸುತ್ತಿದ್ದಾರೆ. ಅಂದ ಹಾಗೆ, ಆ ಇಬ್ಬರು ಎರಡನೇ ಪಂಕ್ತಿಗೆ ಕೂರುವ ಹೊತ್ತಿಗೆ ಲಾಡು ಖಾಲಿ. ಹುಡುಗಿ ಪಾತ್ರೆ ಬೋರಲು ಹಾಕಿ ತೋರಿಸಿದಳು. "ಬೀಗರೂಟಕ್ಕೆ ಬನ್ನಿ, ಹಾಕ್ತೀನಿ" ಅಂದಳು.

ನಮಸ್ಕಾರ.